ಯಕ್ಷಿಗೆ ಒಂದು ಜಾಗ

ದೆವ್ವದ ಕತೆ ಕೇಳುವಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ. ಆಮೇಲೆ ಏನಾಯಿತು? ಸರಿರಾತ್ರಿ ಬಾವಿಕಟ್ಟೆಗೆ ಹೋದವಳು ಉಳಿದಳೇ, ತೊಟ್ಟಿಲ ಮಗು ಬದುಕಿತೇ, ಗಂಡ ಊರಿಂದ ಬಂದನೇ? ದೆವ್ವಕ್ಕೆ ಏನಾಯಿತು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಈಗಿನ ಧಾರಾವಾಹಿಗಳಲ್ಲಂತೂ ಅದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬಿಳಿ ಸೀರೆಯವಳು ನಾಲ್ಕು ವಾರ ಕೂದಲು ಬಿಚ್ಚಿಕೊಂಡು ಓಡಾಡುತ್ತಾಳೆ, ಐದನೆಯ ವಾರ ಮಂತ್ರವಾದಿ ಬಂದು ಲಿಂಬೆಹಣ್ಣು ಕೊಯ್ಯುತ್ತಾನೆ, ಅವಳು ಹೊಗೆಯಾಗಿ ಹೋಗುತ್ತಾಳೆ. ಮನೆಯವರು ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ. ಆ ಹೊಗೆ ಬದುಕಿದ್ದಾಗ ಯಾರ ಮಗಳಾಗಿದ್ದಳು, ಹೇಗೆ ಸತ್ತಳು ಎನ್ನುವುದು ಒಂದು ಫ್ಲಾಶ್‌ಬ್ಯಾಕಿನಲ್ಲಿ ಮುಗಿದುಹೋಗಿರುತ್ತದೆ.

ಹಳೆಯ ಕತೆಗಳು ಹೀಗಿರಲಿಲ್ಲ. ಅದರಲ್ಲೂ ಬೌದ್ಧರ ಕತೆಗಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನನಗೆ ಪ್ರತಿವರ್ಷ ಬುದ್ಧನ ಪಾಠ ಬರುತ್ತದೆ. ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ, ಬೋಧಿವೃಕ್ಷ, ಪರೀಕ್ಷೆಗೆ ಎರಡು ಅಂಕ. ಪಠ್ಯಪುಸ್ತಕದ ಬುದ್ಧನ ಸುತ್ತ ಒಂದೇ ಒಂದು ದೆವ್ವವಿಲ್ಲ. ಪಾಲಿ ಗ್ರಂಥಗಳ ಬುದ್ಧನ ಸುತ್ತ ಮಾತ್ರ ಯಕ್ಷರು, ಯಕ್ಷಿಯರು, ಸೂಜಿಯ ಕಣ್ಣಿನಷ್ಟು ಗಂಟಲಿನ ಪ್ರೇತಗಳು, ಹೆತ್ತ ಮಕ್ಕಳನ್ನೇ ತಿನ್ನುವ ಪಿಶಾಚಿಗಳು ತುಂಬಿಕೊಂಡಿವೆ. 'ಪೇತವತ್ಥು' ಎಂಬ ಒಂದು ಇಡೀ ಪುಸ್ತಕವೇ ಪ್ರೇತಗಳ ಕತೆ. ಅವನ್ನು ಬರೆದವರಿಗೆ ಭಯ ಹುಟ್ಟಿಸುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿಸಿದ ಭಯವನ್ನು ಕೊನೆಗೆ ಎಲ್ಲಿಡಬೇಕು ಎಂಬುದೂ ಗೊತ್ತಿತ್ತು.

ಧಮ್ಮಪದದ ಪಾಲಿ ವ್ಯಾಖ್ಯಾನದಲ್ಲಿ ಕಾಳಿ ಎಂಬ ಯಕ್ಷಿಣಿಯ ಕತೆಯಿದೆ. ಈ ವ್ಯಾಖ್ಯಾನ ಸುಮಾರು 5ನೇ ಶತಮಾನದಲ್ಲಿ ಸಿಂಹಳದಲ್ಲಿ ಈಗಿನ ರೂಪಕ್ಕೆ ಬಂದದ್ದು. ಕತೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಬಾಣಂತಿಯರು ಹತ್ತಿರದಲ್ಲಿದ್ದರೆ ಪುಟ ಮಗುಚಿರಿ.

ಒಬ್ಬನಿಗೆ ಹೆಂಡತಿ, ಅವಳಿಗೆ ಮಕ್ಕಳಿಲ್ಲ. ಅತ್ತೆ ಎಲ್ಲಿ ತನ್ನ ಮಾತು ಮೀರಿ ಬೇರೆ ಹೆಣ್ಣು ತರುತ್ತಾಳೋ ಎಂಬ ಹೆದರಿಕೆಯಿಂದ ಅವಳೇ ಮುಂದಾಗಿ ಗಂಡನಿಗೆ ಇನ್ನೊಂದು ಮದುವೆ ಮಾಡಿಸುತ್ತಾಳೆ. ಹೊಸಬಳು ಬಸುರಾದಳು ಎಂದು ಗೊತ್ತಾದಾಗ ಊಟದಲ್ಲಿ ಮದ್ದು ಬೆರೆಸಿ ಗರ್ಭ ಇಳಿಸುತ್ತಾಳೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ದಿನ ತುಂಬುತ್ತ ಬಂದಿದ್ದ ತಾಯಿಯೇ ಸಾಯುತ್ತಾಳೆ. ಸಾಯುವಾಗ, ನಿನ್ನ ಮಕ್ಕಳನ್ನು ತಿನ್ನುವವಳಾಗಿ ಹುಟ್ಟುತ್ತೇನೆ ಎಂದು ಪ್ರತಿಜ್ಞೆ ಮಾಡುತ್ತಾಳೆ. ಸಂಗತಿ ತಿಳಿದ ಗಂಡ ಮೊದಲಿನವಳನ್ನು ಹೊಡೆದು ಕೊಲ್ಲುತ್ತಾನೆ. ಆಮೇಲೆ ಒಬ್ಬಳು ಬೆಕ್ಕಾಗಿ, ಒಬ್ಬಳು ಕೋಳಿಯಾಗಿ ಅದೇ ಮನೆಯಲ್ಲಿ ಹುಟ್ಟುತ್ತಾರೆ. ಬೆಕ್ಕು ಮೊಟ್ಟೆ ತಿನ್ನುತ್ತದೆ. ಮರುಜನ್ಮದಲ್ಲಿ ಕೋಳಿ ಚಿರತೆಯಾಗುತ್ತದೆ, ಬೆಕ್ಕು ಜಿಂಕೆಯಾಗುತ್ತದೆ. ಈಗ ಚಿರತೆಯ ಸರದಿ. ಅದರ ಮುಂದಿನ ಜನ್ಮದಲ್ಲಿ ಜಿಂಕೆ ಯಕ್ಷಿಣಿ, ಚಿರತೆ ಶ್ರಾವಸ್ತಿಯ ಒಳ್ಳೆಯ ಮನೆತನದ ಹೆಣ್ಣುಮಗಳು.

ಯಕ್ಷಿಣಿ ಕೂದಲು ಕೆದರಿಕೊಂಡು ಬರುವುದಿಲ್ಲ. ಗೆಳತಿಯ ವೇಷದಲ್ಲಿ, "ನನ್ನ ಸ್ನೇಹಿತೆ ಎಲ್ಲಿ, ಮಗು ಗಂಡೋ ಹೆಣ್ಣೋ ನೋಡೋಣ" ಎನ್ನುತ್ತ ಬಾಣಂತಿ ಕೋಣೆಗೆ ನುಗ್ಗುತ್ತಾಳೆ. ಎರಡು ಮಕ್ಕಳು ಹೀಗೆ ಹೋಗುತ್ತವೆ. ಮೂರನೆಯ ಸಲ ತಾಯಿ ಎಚ್ಚೆತ್ತು ಹೆರಿಗೆಗೆ ತವರುಮನೆಗೆ ಹೋಗುತ್ತಾಳೆ. ಯಕ್ಷಿಣಿಗೆ ಅದೇ ಹೊತ್ತಿಗೆ ಯಕ್ಷರ ದೊರೆ ಕುಬೇರನ ಮನೆಗೆ ನೀರು ಹೊರುವ ಸರದಿ. ನಾಲ್ಕೈದು ತಿಂಗಳು ಬಿಡುವಿಲ್ಲ, ಆ ಚಾಕರಿಯಲ್ಲಿ ಕೆಲವರು ಸತ್ತೂ ಹೋಗುತ್ತಾರಂತೆ. (ಯಕ್ಷಿಯಾದರೂ ನೀರು ಹೊರುವ ಕೆಲಸ ತಪ್ಪಲಿಲ್ಲ ನೋಡಿ.) ಬಿಡುಗಡೆಯಾದ ಕೂಡಲೇ ಓಡಿಬರುತ್ತಾಳೆ. ತಾಯಿ ಮಗುವಿಗೆ ಹೆಸರಿಟ್ಟು ಗಂಡನ ಮನೆಗೆ ಹಿಂದಿರುಗುವ ದಾರಿಯಲ್ಲಿ, ವಿಹಾರದ ಪಕ್ಕದ ಕೆರೆಯ ಬಳಿ ಮೊಲೆಯೂಡಿಸುತ್ತ ನಿಂತಿದ್ದಾಳೆ. ಕಣ್ಣೆತ್ತಿದರೆ ಅವಳೇ!

ತಾಯಿ ವಿಹಾರದೊಳಗೆ ಓಡಿ ಮಗುವನ್ನು ಬುದ್ಧನ ಪಾದದಲ್ಲಿ ಮಲಗಿಸುತ್ತಾಳೆ. ಹೆಬ್ಬಾಗಿಲಲ್ಲಿ ನೆಲೆಸಿದ ದೇವತೆ ಯಕ್ಷಿಣಿಯನ್ನು ತಡೆಯುತ್ತದೆ. ಇಲ್ಲಿಯವರೆಗೆ ಕತೆ ನಮಗೆ ಗೊತ್ತಿರುವ ದಾರಿಯಲ್ಲೇ ಬಂತು. ಇನ್ನು ಬುದ್ಧ ಕೈಯೆತ್ತಬೇಕು, ಅವಳು ಬೂದಿಯಾಗಬೇಕು. ಆದರೆ ಬುದ್ಧ ಆನಂದನನ್ನು ಕಳಿಸಿ ಅವಳನ್ನು ಒಳಗೆ ಕರೆಸುತ್ತಾನೆ. ಇಬ್ಬರಿಗೂ ಹಗೆಯ ವಿಷಯ ಹೇಳುತ್ತಾನೆ. ಆಮೇಲೆ ತಾಯಿಗೆ ಹೇಳುತ್ತಾನೆ, ಮಗುವನ್ನು ಅವಳ ಕೈಗೆ ಕೊಡು ಎಂದು.

ತರಗತಿಯಲ್ಲಿ ಈ ಕತೆ ಹೇಳಿದಾಗಲೆಲ್ಲ ಇಲ್ಲಿ ಒಂದು ನಿಶ್ಶಬ್ದ ಆವರಿಸುತ್ತದೆ. ಭಯಂಕರ ಕತೆ ಅಂದರೆ ಇದು. ರಕ್ತ ಇಲ್ಲ, ಕಿರುಚಾಟ ಇಲ್ಲ. ಒಬ್ಬಳು ತಾಯಿ ನಡುಗುವ ಕೈಯಿಂದ ತನ್ನ ಕೂಸನ್ನು ಅದನ್ನು ತಿನ್ನಲು ಬಂದವಳಿಗೆ ಎತ್ತಿ ಕೊಡಬೇಕು. ಅವಳು ಕೊಡುತ್ತಾಳೆ. ಯಕ್ಷಿಣಿ ಮಗುವನ್ನು ಅಪ್ಪಿ ಮುದ್ದಿಸಿ ಹಿಂದಕ್ಕೆ ಕೊಟ್ಟು ಅಳಲು ಶುರುಮಾಡುತ್ತಾಳೆ. ಏಕೆ ಎಂದರೆ, ಹೇಗೆ ಹೇಗೋ ಬದುಕಿದಾಗಲೇ ಹೊಟ್ಟೆ ತುಂಬುತ್ತಿರಲಿಲ್ಲ, ಇನ್ನು ಹೇಗೆ ಬದುಕಲಿ ಎನ್ನುತ್ತಾಳೆ. ಬುದ್ಧ ತಾಯಿಗೇ ಹೇಳುತ್ತಾನೆ, ಇವಳನ್ನು ನಿನ್ನ ಮನೆಗೆ ಕರೆದೊಯ್ದು ಒಳ್ಳೆಯ ಗಂಜಿ ಅನ್ನ ಹಾಕಿ ನೋಡಿಕೋ.

ಕತೆ ಇಲ್ಲಿಗೂ ಮುಗಿಯದಿರುವುದು ನನಗೆ ಬಹಳ ಇಷ್ಟ. ಮನೆಗೇನೋ ಕರೆತಂದಳು, ಇರಿಸುವುದು ಎಲ್ಲಿ? ಭತ್ತ ಕುಟ್ಟುವಲ್ಲಿ ಇಟ್ಟರೆ ಒನಕೆ ತಲೆಗೆ ಬಡಿದ ಹಾಗಾಗುತ್ತದೆ ಎಂದಳು. ನೀರಿನ ಗುಡಾಣದ ಬಳಿ ಇಟ್ಟರೆ ಹುಡುಗರು ಮೈಮೇಲೆ ನೀರು ಚೆಲ್ಲುತ್ತಾರೆ. ಒಲೆಯ ಹತ್ತಿರ ನಾಯಿ ಬಂದು ಮಲಗುತ್ತದೆ. ಸೂರಿನಡಿ ಮಕ್ಕಳು ಹೊಲಸು ಮಾಡುತ್ತವೆ. ತಿಪ್ಪೆಯ ಹತ್ತಿರ ಕಸ ಬೀಳುತ್ತದೆ. ಊರ ಬಾಗಿಲಲ್ಲಿ ಪೋಕರಿ ಹುಡುಗರು ಗುರಿಯಿಟ್ಟು ಹೊಡೆಯುವ ಆಟ ಆಡುತ್ತಾರೆ. ಕೊನೆಗೆ ಊರ ಹೊರಗೆ ಒಂದು ಸದ್ದಿಲ್ಲದ ಜಾಗ ನೋಡಿ ಕೂರಿಸಿ, ಅಲ್ಲಿಗೇ ಬುತ್ತಿ ಒಯ್ಯುತ್ತಾಳೆ. ಯಕ್ಷಿಣಿ ಸುಮ್ಮನೆ ಉಣ್ಣಲಿಲ್ಲ. ಈ ವರ್ಷ ಮಳೆ ಜಾಸ್ತಿ, ಎತ್ತರದ ಗದ್ದೆಯಲ್ಲಿ ಬಿತ್ತು, ಈ ವರ್ಷ ಕಡಿಮೆ, ತಗ್ಗಿನಲ್ಲಿ ಬಿತ್ತು ಎಂದು ಮುಂಚಿತವಾಗಿ ಹೇಳುತ್ತಿದ್ದಳು. ನೋಡನೋಡುತ್ತ ಇಡೀ ಊರೇ ಅವಳಿಗೆ ನಡೆದುಕೊಳ್ಳತೊಡಗಿತು.

ನಮ್ಮ ಕಡೆಯವರು ಇದನ್ನು ಓದಿದರೆ, "ಇದು ನಮ್ಮ ದೈವದ ಕತೆಯಲ್ಲವೇ" ಎಂದೇ ಕೇಳುತ್ತಾರೆ. ನನಗೂ ಮೊದಲು ಹಾಗೇ ಅನ್ನಿಸಿದ್ದು. ಅದಕ್ಕಿಂತ ಹೆಚ್ಚಾಗಿ ಅನ್ನಿಸಿದ್ದು, ಇದು ನಮ್ಮ ಅಜ್ಜಿಯ ಕತೆ ಎಂದು.

ನನ್ನ ತವರುಮನೆ ಕಾರ್ಕಳ. ಅಪ್ಪನ ಮೂಲ ಮನೆ ಕಾಪುವಿನ ಹತ್ತಿರ. ಅಪ್ಪನ ಅಮ್ಮ ಆ ಮನೆಗೆ ಎರಡನೆಯ ಹೆಂಡತಿಯಾಗಿ ಕಾಲಿಟ್ಟವಳು. ಮೊದಲಿನವಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಹದಿನೇಳೋ ಹದಿನೆಂಟೋ ವಯಸ್ಸು. ಅಜ್ಜಿಯ ಮೊದಲ ಎರಡು ಮಕ್ಕಳು ನಿಲ್ಲಲಿಲ್ಲ. ಒಂದು ಒಂಬತ್ತನೆಯ ದಿನಕ್ಕೆ, ಇನ್ನೊಂದು ಎಂಟು ತಿಂಗಳಲ್ಲಿ ಜ್ವರ ಬಂದು ಹೋಯಿತು. ಪ್ರಶ್ನೆ ಇಟ್ಟಾಗ ಬಂದ ಉತ್ತರವನ್ನು ನೀವು ಊಹಿಸಬಲ್ಲಿರಿ. "ಹಿರಿಯವಳಿಗೆ ಸಮಾಧಾನವಿಲ್ಲ." ತುಳುವಿನಲ್ಲಿ ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತಾರೆ. ಮನೆಯಲ್ಲಿ ಒಂದು ಕುಲೆ ಇದೆ ಎಂದು ಎಲ್ಲರೂ ಒಪ್ಪಿದರು. ಆ ಹುಡುಗಿ ಏಕೆ ಸತ್ತಳು, ಸೂಲಗಿತ್ತಿಗೆ ಹೇಳಿಕಳಿಸಲು ತಡಮಾಡಿದವರು ಯಾರು ಎಂದು ಯಾರೂ ಪ್ರಶ್ನೆ ಇಡಲಿಲ್ಲ.

ಅಂದಿನಿಂದ ಆಟಿ ಅಮಾವಾಸ್ಯೆಗೆ ಹಿರಿಯವಳಿಗೆಂದು ಒಂದು ಎಲೆ. ಕುಚ್ಚಲಕ್ಕಿ ಅನ್ನ, ಪತ್ರೊಡೆ, ಪಾಯಸ, ಎಲೆಯ ಪಕ್ಕ ಹಸಿರು ಬಳೆ, ಕುಂಕುಮ, ಒಂದು ರವಿಕೆ ಕಣ. ಬಡಿಸಿ ಬಾಗಿಲು ಓರೆಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ನಾನು ಸಣ್ಣವಳಿದ್ದಾಗ ಆ ಓರೆ ಬಾಗಿಲಿನ ಎದೆಬಡಿತ ಯಾವ ಸಿನಿಮಾದಲ್ಲೂ ಮತ್ತೆ ಸಿಗಲಿಲ್ಲ. ಬಾಗಿಲು ಓರೆ ಮಾಡುವ ಮೊದಲು ಅಜ್ಜಿ ಮೆಲ್ಲಗೆ, "ಅಕ್ಕಾ, ಉಣ್ಣು" ಎನ್ನುತ್ತಿದ್ದಳು. ತಾನು ಎಂದೂ ಕಾಣದ, ತನ್ನ ಎರಡು ಮಕ್ಕಳನ್ನು ಒಯ್ದಳೆಂದು ತಾನೇ ನಂಬಿದ್ದ ಹೆಂಗಸನ್ನು ಅಜ್ಜಿ ಜೀವವಿರುವವರೆಗೂ ಅಕ್ಕ ಎಂದೇ ಕರೆದಳು. ವಯಸ್ಸಿನ ಲೆಕ್ಕದಲ್ಲಿ ಆ ಅಕ್ಕ ಹದಿನೇಳಕ್ಕೇ ನಿಂತಿದ್ದಳು, ತಂಗಿಗೆ ಎಂಬತ್ತಾಗಿತ್ತು.

ಬೌದ್ಧ ಕತೆಗಳಲ್ಲಿ ಇಂಥ ಇನ್ನೊಬ್ಬ ತಾಯಿಯಿದ್ದಾಳೆ, ಹಾರೀತಿ. ರಾಜಗೃಹದ ಮಕ್ಕಳನ್ನು ಕದ್ದು ತಿನ್ನುತ್ತಿದ್ದವಳು. ಅವಳಿಗೇ ಐನೂರು ಮಕ್ಕಳು. ಬುದ್ಧ ಅವಳ ಕಿರಿಯ ಮಗನನ್ನು ತನ್ನ ಭಿಕ್ಷಾಪಾತ್ರೆಯ ಅಡಿಯಲ್ಲಿ ಬಚ್ಚಿಡುತ್ತಾನೆ. ಹುಚ್ಚಿಯಂತೆ ಹುಡುಕಿ ಸೋತು ಬಂದವಳಿಗೆ, ಐನೂರರಲ್ಲಿ ಒಂದು ಹೋದರೆ ನಿನಗೆ ಹೀಗಾಗುತ್ತದಲ್ಲ, ಒಂದೇ ಇದ್ದವರಿಗೆ ಹೇಗಾಗಿರಬೇಡ ಎನ್ನುತ್ತಾನೆ. ಅವಳೂ ಕೇಳುವುದು ಅದನ್ನೇ, ನನ್ನ ಮಕ್ಕಳಿಗೆ ಇನ್ನು ಊಟ? ವಿಹಾರಗಳಲ್ಲಿ ದಿನವೂ ನಿನಗೆ ಎಡೆ ಇಡುತ್ತಾರೆ ಎಂದು ಮಾತು ಕೊಡಲಾಯಿತು. ಇದು ಬರೀ ಕತೆಯ ಮಾತಲ್ಲ. 7ನೇ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಇತ್ಸಿಂಗ್ ಇಲ್ಲಿಯ ವಿಹಾರಗಳ ಬಾಗಿಲ ಮೊಗಸಾಲೆಯಲ್ಲಿ ಅಥವಾ ಊಟದ ಕೋಣೆಯ ಮೂಲೆಯಲ್ಲಿ, ಮಗುವನ್ನೆತ್ತಿಕೊಂಡ ಹಾರೀತಿಯ ಚಿತ್ರವಿರುವುದನ್ನೂ ದಿನವೂ ಅವಳಿಗೆ ಅನ್ನ ಇಡುವುದನ್ನೂ ಬರೆದಿಟ್ಟಿದ್ದಾನೆ. ಅಜಂತಾಕ್ಕೆ ಹೋದವರು ಎರಡನೆಯ ಗುಹೆಯಲ್ಲಿ ಅವಳನ್ನು ಕಂಡಿರಬಹುದು. ಗಂಡ ಪಾಂಚಿಕನ ಪಕ್ಕದಲ್ಲಿ ತುಂಬು ಗೃಹಿಣಿಯಂತೆ ಕುಳಿತಿದ್ದಾಳೆ. ಹಳೆಯ ಕತೆ ಹಿಂದೆ ಗೋಡೆಯ ಮೇಲೆ ಸಣ್ಣದಾಗಿ ಉಳಿದಿದೆ.

ನೇಪಾಳದ ಸ್ವಯಂಭೂ ಸ್ತೂಪದ ಬಳಿ ಹಾರೀತಿಗೆ ಗುಡಿಯಿದೆ. ಅಲ್ಲಿ ಅವಳು ಸಿಡುಬಿನ ತಾಯಿ. ಮಕ್ಕಳನ್ನು ಒಯ್ಯುವವಳೂ ಅವಳೇ, ಕಾಯುವವಳೂ ಅವಳೇ. ನಮ್ಮ ಕಾಪುವಿನ ಮಾರಿಯಮ್ಮನಿಗೂ ಹಾರೀತಿಗೂ ರಕ್ತಸಂಬಂಧ ಕಟ್ಟಲು ನನ್ನಲ್ಲಿ ದಾಖಲೆಯಿಲ್ಲ. ಹೆದರಿಕೆ ಮಾತ್ರ ಒಂದೇ. ಸಿಡುಬು ಬಂದಾಗ ನಮ್ಮ ಹಿರಿಯರು ರೋಗ ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಂದವಳನ್ನು ಬೈದು ಅಟ್ಟುವಂತಿಲ್ಲ. ಕೂರಿಸಿ, ಉಣಿಸಿ, ಮರ್ಯಾದೆಯಿಂದ ಕಳಿಸಬೇಕು. ಅಜ್ಜಿಯ ಮುಖದ ಮೇಲೆ ಅಮ್ಮನ ಗುರುತುಗಳಿದ್ದವು. ನನ್ನ ತೋಳಿನಲ್ಲಿ ಲಸಿಕೆಯ ಗುರುತಿದೆ. ನನ್ನ ಮಗಳಿಗೆ ಎರಡೂ ಇಲ್ಲ. ನಮ್ಮ ದೇಶದಲ್ಲಿ ಸಿಡುಬು 1975ಕ್ಕೆ ನಿಂತಿತು, 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ರೋಗ ಹೋಯಿತು, ತಾಯಿ ಹೋಗಲಿಲ್ಲ. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆ ಕಾಪುವಿನಲ್ಲಿ ನಡೆಯುತ್ತಲೇ ಇವೆ. 2025ರಲ್ಲಿ ಹೊಸ ಮಾರಿಗುಡಿಯನ್ನು ಭವ್ಯವಾಗಿ ಕಟ್ಟಿ ಬ್ರಹ್ಮಕಲಶೋತ್ಸವ ಮಾಡಿದರು. ಒಮ್ಮೆ ಜಾಗ ಕೊಟ್ಟ ಮೇಲೆ ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ.

ಹಾಗಾದರೆ ಭೂತಾರಾಧನೆ ಬೌದ್ಧರಿಂದ ಬಂತೇ ಎಂದು ಕೇಳುವವರಿದ್ದಾರೆ. ಹಾಗೆ ಹೇಳಲು ನಾನು ತಯಾರಿಲ್ಲ. ಬೌದ್ಧರು ನಮ್ಮ ಕರಾವಳಿಯಲ್ಲಿದ್ದರು ಎಂಬುದು ಬೇರೆ ಮಾತು. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ, ಆಳುಪ ದೊರೆ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಬರೆದಿದೆ. ಕ್ರಿ.ಶ. 968ರ ಮಾತು. ಘಟ್ಟದ ಮೇಲೆ, ಗದಗದ ಹತ್ತಿರದ ಡಂಬಳದಲ್ಲಿ 1095ರ ಒಂದು ಶಾಸನವಿದೆ. ಅಲ್ಲಿಯ ಸೆಟ್ಟಿಗಳು ಕಟ್ಟಿಸಿದ ತಾರಾದೇವಿಯ ಗುಡಿಗೆ ಸಂಬಂಧಿಸಿದ್ದು. ಅದರ ಆರಂಭದ ಸ್ತುತಿಯಲ್ಲಿ ತಾರೆ ಎಂಟು ಭಯಗಳನ್ನು ನೀಗುವವಳು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸೆರೆ, ಸಮುದ್ರ, ಮತ್ತೆ ಪಿಶಾಚಿ. ದೂರದೂರಕ್ಕೆ ಸರಕು ಸಾಗಿಸುತ್ತಿದ್ದ ವ್ಯಾಪಾರಿಗಳ ಭಯದ ಪಟ್ಟಿ ಅದು, ಅದರಲ್ಲಿ ಪಿಶಾಚಿಗೂ ಕಳ್ಳನಷ್ಟೇ ನಿಜವಾದ ಸ್ಥಾನ. ನಾನು ತಿಳಿದಂತೆ ಬೌದ್ಧರು ದೆವ್ವಗಳನ್ನು ಹೊಸದಾಗಿ ಹುಟ್ಟಿಸಲಿಲ್ಲ. ಹೋದ ಹೋದ ಊರಿನಲ್ಲಿ ಮರದಡಿ, ಕೆರೆಯ ಬದಿ ಆಗಲೇ ಕುಳಿತಿದ್ದ ಯಕ್ಷಯಕ್ಷಿಯರ ಜೊತೆ ಒಂದು ಒಪ್ಪಂದಕ್ಕೆ ಬಂದರು. ಕತೆಗಳು ಆ ಒಪ್ಪಂದದ ಪತ್ರಗಳು.

ಕಾರ್ಕಳದಲ್ಲಿ ಬೆಳೆದವರಿಗೆ ಇಂಥ ಒಪ್ಪಂದದ ಕತೆ ಇನ್ನೊಂದು ಗೊತ್ತಿದೆ. ನಮ್ಮ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ, ಎತ್ತರ 42 ಅಡಿ. ಇದು ಪರೀಕ್ಷೆಗೆ ಬರೆಯುವ ಉತ್ತರ. ಪಾಡ್ದನ ಹೇಳುವುದು ಬೇರೆ. ಮೂರ್ತಿ ಕೆತ್ತಿದ ವೀರ ಕಲ್ಕುಡ ಇನ್ನೆಲ್ಲಿಯೂ ಇಂಥದ್ದು ಮಾಡಬಾರದೆಂದು ಅರಸ ಅವನ ಒಂದು ಕೈ ಒಂದು ಕಾಲು ಕಡಿಸಿದ. ಕಲ್ಕುಡ ಉಳಿದ ಕೈಯಲ್ಲೇ ವೇಣೂರಿನಲ್ಲಿ ಇನ್ನೊಂದು ಗೊಮ್ಮಟ ಕೆತ್ತಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡಿದಳು. ಇಬ್ಬರೂ ಮಾಯವಾಗಿ, ದೈವವಾಗಿ ಅರಸನ ಮೇಲೆ ಎರಗಿದರು. ವೇಣೂರಿನ ಮೂರ್ತಿ 1604ರದ್ದು, ನಡುವೆ 172 ವರ್ಷ, ಒಬ್ಬನೇ ಶಿಲ್ಪಿ ಹೇಗೆ ಸಾಧ್ಯ ಎಂದು ನನ್ನಂಥ ಟೀಚರಮ್ಮಂದಿರು ಕೇಳಬಹುದು. ಪಾಡ್ದನ ಹಾಡುವ ಹೆಂಗಸರಿಗೆ ವರ್ಷದ ಲೆಕ್ಕ ಬೇಕಿರಲಿಲ್ಲ. ಕೆಲಸ ಮಾಡಿಸಿಕೊಂಡು ಕೈ ಕಡಿದ ಅರಸನಿಗೆ ಯಾರೂ ಶಿಕ್ಷೆ ಕೊಡದಿದ್ದಾಗ ಸತ್ತವರೇ ಎದ್ದು ಬರಬೇಕಾಯಿತು, ಅಷ್ಟೇ. ಇಂದು ಕಲ್ಕುಡ ಕಲ್ಲುರ್ಟಿಯರಿಗೆ ತುಳುನಾಡಿನುದ್ದಕ್ಕೂ ಸ್ಥಾನಗಳಿವೆ. ಜನ ನ್ಯಾಯ ಕೇಳಿಕೊಂಡು ಅಲ್ಲಿಗೆ ಹೋಗುತ್ತಾರೆ.

ಇಂಗ್ಲಿಷರ ಅಧಿಕಾರಿಯಾಗಿ ಮಂಗಳೂರಿನಲ್ಲಿದ್ದ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವನು ಸತ್ತ ಮೇಲೆ, 1894ರಿಂದ, ಅಚ್ಚಾದವು. ತಲೆಬರಹ 'ಡೆವಿಲ್ ವರ್ಷಿಪ್', ಎಂದರೆ ತುಳುವರ ಸೈತಾನಪೂಜೆ. ಸೈತಾನನಿಗೆ ಯಾರೂ ಎಲೆ ಹಾಕಿ ಬಡಿಸುವುದಿಲ್ಲ, ಅಕ್ಕ ಎನ್ನುವುದಿಲ್ಲ. ಸುಮಾರು ತೊಂಬತ್ತು ವರ್ಷಗಳ ನಂತರ, 1984ರಲ್ಲಿ, ನಮ್ಮ ಉಡುಪಿಯಿಂದಲೇ ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ದಂಪತಿ ಭೂತಾರಾಧನೆಯನ್ನು ರಂಗಭೂಮಿಯಾಗಿ ನೋಡಿ ಇಂಗ್ಲಿಷಿನಲ್ಲೇ ಪುಸ್ತಕ ಬರೆದು ಉತ್ತರ ಕೊಟ್ಟರು.

ಇನ್ನು ನಾವೆಲ್ಲ ಓದಿ ಬೆಳೆದ ದೆವ್ವ ಬೇತಾಳ. 1949ರಿಂದ ಕನ್ನಡದಲ್ಲಿ ಬಂದ 'ಚಂದಮಾಮ'ದಲ್ಲಿ ತಿಂಗಳು ತಿಂಗಳೂ ಛಲ ಬಿಡದ ತ್ರಿವಿಕ್ರಮ ಹೆಣ ಹೊತ್ತು ನಡೆಯುತ್ತಿದ್ದ. ಕಲಾವಿದ ಶಂಕರ್ ಬರೆದ ಆ ಮಸಣದ ಚಿತ್ರ ಕಣ್ಣು ಮುಚ್ಚಿದರೂ ಬರುತ್ತದೆ. ಬೇತಾಳ ಬಹಳ ಹಳಬ. ಬೌದ್ಧ ಭಿಕ್ಷುಗಳು ನೋಡಬಾರದ ಆಟಪಾಟಗಳ ಒಂದು ಪಾಲಿ ಪಟ್ಟಿಯಲ್ಲಿ 'ವೇತಾಳ' ಎಂಬ ಶಬ್ದವಿದೆ. ವ್ಯಾಖ್ಯಾನಕಾರ ಬುದ್ಧಘೋಷ ಅದನ್ನು ತಾಳ ಬಾರಿಸುವುದು ಎಂದು ಅರ್ಥೈಸಿ, ಮಂತ್ರದಿಂದ ಹೆಣ ಎಬ್ಬಿಸುವುದು ಎಂದೂ ಕೆಲವರು ಹೇಳುತ್ತಾರೆ ಎಂದು ಸೇರಿಸುತ್ತಾನೆ. 11ನೇ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬೇತಾಳನ ಕತೆಗಳನ್ನು ಸಂಸ್ಕೃತದಲ್ಲಿ ಬರೆದ. ಅವು ಟಿಬೆಟ್ಟಿಗೂ ಮಂಗೋಲಿಯಾಕ್ಕೂ ಹೋದಾಗ ವಿಕ್ರಮ ಬಿಟ್ಟುಹೋಗಿ, ಆಚಾರ್ಯ ನಾಗಾರ್ಜುನನ ಅಪ್ಪಣೆಯಂತೆ ಒಬ್ಬ ಹುಡುಗ ಮಾತಾಡುವ ಹೆಣವನ್ನು ಹೊತ್ತು ತರುತ್ತಾನೆ. ದಾರಿಯಲ್ಲಿ ಬಾಯಿ ಬಿಡಬಾರದು. ಕತೆಯ ರುಚಿಗೆ ಸೋತು ಅವನು ಒಂದು ಉದ್ಗಾರ ತೆಗೆದರೆ ಸಾಕು, ಹೆಣ ಹಿಂದಕ್ಕೆ ಹಾರುತ್ತದೆ. ಹೆದರಿಸುವ ಹೆಣಕ್ಕಿಂತ ಕತೆ ಹೇಳುವ ಹೆಣದಿಂದ ತಪ್ಪಿಸಿಕೊಳ್ಳುವುದು ಕಷ್ಟ!

ಟಿಬೆಟ್ಟಿನವರ ಭಾಷೆಯಲ್ಲಿ ಎದ್ದ ಹೆಣಕ್ಕೆ ರೋಲಾಂಗ್ ಎಂದು ಹೆಸರು. ಅದು ಸೊಂಟ ಬಗ್ಗಿಸಲಾರದು ಎಂಬ ನಂಬಿಕೆಯಿಂದ ಅಲ್ಲಿ ಮನೆಯ ಬಾಗಿಲನ್ನು ಗಿಡ್ಡ ಮಾಡುತ್ತಿದ್ದರಂತೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ತಂದು ಮರುಜೋಡಿಸಿದ ಹಳೆಯ ಮನೆಗಳಿಗೆ ಮಕ್ಕಳನ್ನು ಕರೆದೊಯ್ದಾಗ, ತಗ್ಗು ಬಾಗಿಲ ಮುಂದೆ ತಲೆಬಾಗಿ ಬರಲೆಂದು ಹಿರಿಯರು ಹೀಗೆ ಮಾಡಿದರು ಎಂದು ನಾವು ಹೇಳುತ್ತೇವೆ. ಟಿಬೆಟ್ಟಿನ ಕಾರಣ ಹೇಳಿದರೆ ಮಕ್ಕಳಿಗೆ ಹೆಚ್ಚು ಖುಷಿ. ಬಿ.ಎಡ್. ಓದುವಾಗ ಮಕ್ಕಳನ್ನು ಹೆದರಿಸಬಾರದು ಎಂದು ನಮಗೆ ಕಲಿಸಿದ್ದರು. ಹೆದರಲು ಹಂಬಲಿಸುವ ಮಕ್ಕಳನ್ನು ಏನು ಮಾಡಬೇಕೆಂದು ಕಲಿಸಲಿಲ್ಲ.

ಶಾಲಾ ಪ್ರವಾಸದಲ್ಲಿ ಒಮ್ಮೆ ಬೈಲಕುಪ್ಪೆಗೆ ಹೋಗಿದ್ದೆವು. 1960ರ ದಶಕದಲ್ಲಿ ಅಲ್ಲಿ ಟಿಬೆಟ್ ನಿರಾಶ್ರಿತರಿಗೆ ಕರ್ನಾಟಕ ಭೂಮಿ ಕೊಟ್ಟಿತು, 1963ರಲ್ಲಿ ನಾಮ್‌ದ್ರೋಲಿಂಗ್ ವಿಹಾರ ಶುರುವಾಯಿತು. ಚಿನ್ನದ ಬಣ್ಣದ ದೊಡ್ಡ ಮೂರ್ತಿಗಳನ್ನು ನೋಡಿ ಸುಮ್ಮನಿದ್ದ ಹುಡುಗಿಯರು ಗೋಡೆಯ ಚಿತ್ರಗಳ ಮುಂದೆ ನಿಂತುಬಿಟ್ಟರು. ಕೋರೆಹಲ್ಲು, ಉರಿಗಣ್ಣು, ತಲೆಬುರುಡೆಯ ಮಾಲೆ. "ಟೀಚರ್, ಇದು ನಮ್ಮ ಗುಳಿಗನ ಹಾಗೆಯೇ ಉಂಟಲ್ಲ" ಎಂದಳು ಹಿರಿಯಡ್ಕ ಕಡೆಯ ಒಬ್ಬಳು. ಅಲ್ಲಿರುವ ಮೂರು ದೊಡ್ಡ ಮೂರ್ತಿಗಳಲ್ಲಿ ಪದ್ಮಸಂಭವನದೂ ಒಂದು. 8ನೇ ಶತಮಾನದಲ್ಲಿ ಟಿಬೆಟ್ಟಿನ ಸಾಮ್ಯೆ ವಿಹಾರ ಕಟ್ಟುವಾಗ ಹಗಲು ಕಟ್ಟಿದ್ದನ್ನು ಭೂತಗಳು ರಾತ್ರಿ ಕೆಡವುತ್ತಿದ್ದವಂತೆ. ಪದ್ಮಸಂಭವ ಅವನ್ನು ಸೋಲಿಸಿ, ಕೊಲ್ಲದೆ, ಧರ್ಮ ಕಾಯುತ್ತೇವೆ ಎಂದು ಆಣೆ ಮಾಡಿಸಿಕೊಂಡ. ಆ ಕೋರೆಹಲ್ಲಿನವರು ಹೀಗೆ ಕಾವಲಿಗೆ ನಿಂತವರು. ಹುಡುಗಿ ತಪ್ಪೇನೂ ಹೇಳಿರಲಿಲ್ಲ.

ಇದೆಲ್ಲ ದೂರದ ಮಾತೆನಿಸಿದರೆ 1990ರ ದಶಕ ನೆನಪಿಸಿಕೊಳ್ಳಿ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ 'ನಾಳೆ ಬಾ' ಎಂದು ಬರೆದದ್ದು ನೀವೂ ಕಂಡಿರಬಹುದು. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಕಾಳಿ ಯಕ್ಷಿಣಿ ಬಂದದ್ದೂ ಗೆಳತಿಯ ದನಿಯಲ್ಲೇ. ಈ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಓದಿದ್ದನ್ನು ನಂಬುತ್ತದೆ, ಹೇಳಿದ ಹಾಗೆ ಮರುದಿನ ಬರುತ್ತದೆ, ಮತ್ತೆ ಓದಿ ಹೋಗುತ್ತದೆ. ಇಷ್ಟು ವಿಧೇಯ ವಿದ್ಯಾರ್ಥಿನಿ ನನ್ನ ಕ್ಲಾಸಿನಲ್ಲಿ ಒಬ್ಬಳೂ ಇಲ್ಲ. 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರದಲ್ಲಿ ಇದನ್ನೇ ಬಳಸಿಕೊಂಡು ದುಡ್ಡು ಮಾಡಿದರು. ನನಗೆ ಈ ಕತೆಯ ಮೇಲೆ ಒಂದು ಸಿಟ್ಟಿದೆ. ನಾಳೆ ಬಾ ಎನ್ನುವುದು ಬಾಡಿಗೆ ಕೇಳಲು ಬಂದವರಿಗೆ, ಕೂಲಿ ಕೇಳಲು ಬಂದವರಿಗೆ ಹೇಳುವ ಮಾತು. ಅವಳ ಬಾಕಿ ಏನಿತ್ತೋ ಅದನ್ನು ತೀರಿಸದೆ ಸಾಗಹಾಕುವ ಉಪಾಯ. ಕಾಳಿ ಯಕ್ಷಿಣಿಗೆ ಸಿಕ್ಕಿದ ಗಂಜಿಯೂ ಇವಳಿಗೆ ಸಿಗಲಿಲ್ಲ. ಹಾಗೆ ನೋಡಿದರೆ ಕಾಳಿಗೂ ಜಾಗ ಸಿಕ್ಕಿದ್ದು ಊರ ಹೊರಗೇ ಎಂಬುದನ್ನು ಮರೆಯುವಂತಿಲ್ಲ. ಅದೂ ಮಳೆ ಬೆಳೆಯ ಸುದ್ದಿ ಹೇಳುವ ಕರಾರಿನ ಮೇಲೆ. ಹೆಂಗಸಿಗೆ ಪುಕ್ಕಟೆ ಊಟ ಯಕ್ಷಿಯಾದರೂ ಇಲ್ಲ.

ನಮ್ಮ ಜಿಲ್ಲೆಗಳಲ್ಲಿ ಈಗಲೂ ಆಟಿಯಲ್ಲಿ ಪ್ರೇತ ಮದುವೆಗಳು ನಡೆಯುತ್ತವೆ. ಮದುವೆಗೆ ಮೊದಲೇ ತೀರಿಹೋದ ಮಗನಿಗೋ ಮಗಳಿಗೋ, ಅಂಥದೇ ಇನ್ನೊಂದು ಮನೆಯ ಸಂಬಂಧ ಹುಡುಕಿ, ಸೀರೆ, ಬಳೆ, ಕರಿಮಣಿ ಇಟ್ಟು ದಿಬ್ಬಣ ಸಮೇತ ಮಾಡುವ ಮದುವೆ. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ನಕ್ಕಿತು. ನಮ್ಮ ಸ್ಟಾಫ್ ರೂಮಿನಲ್ಲೂ ನಗು ಎದ್ದಿತು. ಆಮೇಲೆ, ಕೂಸಾಗಿರುವಾಗಲೇ ಮಗಳನ್ನು ಕಳೆದುಕೊಂಡ ನಮ್ಮ ಒಬ್ಬ ಸಹೋದ್ಯೋಗಿ, "ಬದುಕಿದ್ದಿದ್ದರೆ ಅವಳಿಗೆ ಈಗ ಇಪ್ಪತ್ತೆಂಟು" ಎಂದು ಹೇಳಿ ನೋಟ್‌ಬುಕ್ ತಿದ್ದಲು ಕುಳಿತರು. ಮತ್ತೆ ಯಾರೂ ನಗಲಿಲ್ಲ.

ಕಾಪುವಿನ ಮನೆಯನ್ನು ಪಾಲಾದ ಮೇಲೆ ಕೆಡವಿದರು. ತಮ್ಮ ಮಣಿಪಾಲದಲ್ಲಿ ಒಂಬತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದಾನೆ. ಕಳೆದ ಆಟಿಯಲ್ಲಿ ಅವನ ಹೆಂಡತಿ ಫೋನು ಮಾಡಿದಳು. ಅವಳು ಕಂಪ್ಯೂಟರ್ ಕೆಲಸದವಳು, ದೆವ್ವ ಭೂತ ನಂಬುವವಳಲ್ಲ.

"ಅತ್ತಿಗೆ, ಹಿರಿಯವಳಿಗೆ ಎಲೆ ಹಾಕುವುದು ಬಿಡುವುದು ಬೇಡ ಅಂತ ಇವರು ಹೇಳುತ್ತಾರೆ. ನನಗೂ ಬೇಡ ಅನ್ನಲು ಮನಸ್ಸಿಲ್ಲ. ಆದರೆ ಎಲ್ಲಿ ಹಾಕುವುದು?"

ನಾವಿಬ್ಬರೂ ಫೋನಿನಲ್ಲೇ ಮನೆಯೆಲ್ಲ ಸುತ್ತಿದೆವು. ಅಡುಗೆಮನೆಯಲ್ಲಿ ಮಿಕ್ಸಿಯ ಗಲಾಟೆ. ಹಾಲಿನಲ್ಲಿ ಮಕ್ಕಳ ಟಿವಿ. ದೇವರ ಕೋಣೆ ಕುಲೆಗೆ ಆಗುವುದಿಲ್ಲ. ಲಿಫ್ಟಿನ ಎದುರು ಇಟ್ಟರೆ ಪಕ್ಕದವರು ಹೆದರಿಕೊಳ್ಳುತ್ತಾರೆ, ಸೆಕ್ಯೂರಿಟಿಯವನು ಗುಡಿಸಿಬಿಡುತ್ತಾನೆ. ಕೊನೆಗೆ ಉಳಿದದ್ದು ಹಿಂದಿನ ಬಟ್ಟೆ ಒಗೆಯುವ ಮೂಲೆ.

"ಅಲ್ಲಿ ಮೆಷಿನ್ನಿನ ನೀರು ಚೆಲ್ಲುತ್ತದೆ ಅತ್ತಿಗೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ದಿನ ಬಟ್ಟೆ ಒಗೆಯುವುದಿಲ್ಲ ಬಿಡಿ. ಅವರ ಹೆಸರು ಏನು? ಬಡಿಸುವಾಗ ಏನಂತ ಕರೆಯಲಿ?" ಎಂದು ಕೇಳಿದಳು.

ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕ ಎಂದು ಕರೆ ಎಂದೆ.